ಪೆನ್ ಟೆಸ್ಟರ್ ಕೂಗದಿದ್ದರೆ ಕೈ ಹಾಕಬಹುದೇ?

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ತಂತಿಯ ಹತ್ತಿರ ಹಿಡಿದರೆ ಸಾಕು, ಬೀಪ್ ಬೀಪ್ ಎಂದು ಕೂಗಿ ಕೆಂಪು ದೀಪ ಮಿನುಗಿಸುವ ಪೆನ್ ಟೆಸ್ಟರ್ ಇದೆಯಲ್ಲ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅದು ಕೂಗದೆ ಇದ್ದರೆ ಕರೆಂಟ್ ಇಲ್ಲ ಎಂದುಕೊಂಡು ಕೈ ಹಾಕಬಹುದೇ? ಹೀಗೆ ಕೇಳುವವರಲ್ಲಿ ಬೋರ್‌ವೆಲ್ ನಂಬಿ ಬದುಕುವ ರೈತರಿದ್ದಾರೆ, ಎಣ್ಣೆ ಮಿಲ್ಲಿನವರಿದ್ದಾರೆ, ಮಗ್ಗದ ಮನೆಯವರಿದ್ದಾರೆ, ಐಟಿಐ ಮುಗಿಸಿ ಈಗಷ್ಟೇ ವೈರಿಂಗ್ ಕೆಲಸಕ್ಕೆ ಇಳಿದ ಹುಡುಗರಿದ್ದಾರೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಕೂಗಿದರೆ ನಂಬಿ, ಕೈ ಹಿಂದಕ್ಕೆ ತೆಗೆದುಕೊಳ್ಳಿ. ಕೂಗದಿದ್ದರೆ ಮಾತ್ರ ನಂಬಬೇಡಿ. ಯಾಕೆ ಹೀಗೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಾರಣ ಗೊತ್ತಿಲ್ಲದವನು ಈ ಮಾತನ್ನು ನಾಲ್ಕು ದಿನ ಪಾಲಿಸಿ ಐದನೆಯ ದಿನ ಮರೆಯುತ್ತಾನೆ.

ಈ ಸೀಮೆಯಲ್ಲಿ ಪೆನ್ ಟೆಸ್ಟರ್ ಇಷ್ಟು ಬೇಗ ಎಲ್ಲರ ಜೇಬಿಗೆ ಬಂದದ್ದು ಸುಮ್ಮನೆ ಅಲ್ಲ. ಮೊದಲಿದ್ದದ್ದು ಸ್ಕ್ರೂಡ್ರೈವರ್ ಆಕಾರದ ಟೆಸ್ಟರ್. ಮೊನೆಯನ್ನು ತಂತಿಗೆ ತಾಗಿಸಿ ಹಿಂದಿನ ಲೋಹದ ಟೋಪಿಯ ಮೇಲೆ ಬೆರಳಿಟ್ಟರೆ ಒಳಗಿನ ನಿಯಾನ್ ದೀಪ ಹೊತ್ತಿಕೊಳ್ಳುತ್ತದೆ. ಕರೆಂಟು ನಮ್ಮ ಮೈ ಮೂಲಕವೇ ನೆಲಕ್ಕೆ ಇಳಿಯುತ್ತದೆ. ನಡುವೆ ಸುಮಾರು ಹತ್ತು ಲಕ್ಷ ಓಮ್‌ನ ರೆಸಿಸ್ಟರ್ ಇರುವುದರಿಂದ 230 ವೋಲ್ಟಿಗೆ ಹರಿಯುವುದು ಒಂದು ಮಿಲಿ ಆಂಪಿಯರಿನ ಕಾಲು ಭಾಗದಷ್ಟೂ ಇಲ್ಲ; ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಆ ರೆಸಿಸ್ಟರ್ ಕೆಟ್ಟರೆ, ಇಲ್ಲವೇ ಮಳೆಗೆ ನೆಂದು ಹಿಡಿಯೊಳಗೆ ತೇವ ಕೂತರೆ, ಬೆರಳಿಗೂ ಫೇಸ್ ತಂತಿಗೂ ನಡುವೆ ತಡೆಯೇ ಇರುವುದಿಲ್ಲ. ಇನ್ನೊಂದು ತೊಂದರೆ ಬಿಸಿಲಿನದು. ನಿಯಾನ್ ದೀಪದ ಮಂದ ಕಿತ್ತಳೆ ಬೆಳಕು ಮನೆಯೊಳಗೆ ಕಂಡೀತು. ಚಳ್ಳಕೆರೆಯ ಬಯಲಿನಲ್ಲಿ, ಮರದ ನೆರಳೂ ಇಲ್ಲದ ಹೊಲದಲ್ಲಿ, ಮಧ್ಯಾಹ್ನ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಂತವನ ಕಣ್ಣಿಗೆ ಅದು ಕಾಣುವುದಿಲ್ಲ. ಅಂಗೈಯಿಂದ ಮರೆ ಮಾಡಿಕೊಂಡು ಬಗ್ಗಿ ನೋಡಬೇಕು. ಹಾಗೆ ಬಗ್ಗಿದಾಗ ಇನ್ನೊಂದು ಕೈ ಎಲ್ಲಿರುತ್ತದೋ ಯಾರಿಗೆ ಗೊತ್ತು. ಕಿವಿಗೆ ಕೇಳುವ ಟೆಸ್ಟರ್ ಬಂದಾಗ ರೈತರಿಗೆ ಖುಷಿಯಾದದ್ದು ಸಹಜ. ತಂತಿಯ ಬರಿಯ ಭಾಗವನ್ನು ಮುಟ್ಟುವ ಅಗತ್ಯವೂ ಇಲ್ಲ, ಮೈಯೊಳಗೆ ಕರೆಂಟು ಹರಿಸಬೇಕಾಗಿಯೂ ಇಲ್ಲ. ಆ ಮಟ್ಟಿಗೆ ಇದು ಒಳ್ಳೆಯ ಉಪಕರಣವೇ.

ಮುಟ್ಟದೆ ಅದಕ್ಕೆ ಗೊತ್ತಾಗುವುದು ಹೇಗೆ? ಎಸಿ ಕರೆಂಟಿನ ವೋಲ್ಟೇಜು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಆ ಏರಿಳಿತಕ್ಕೆ ತಕ್ಕಂತೆ ತಂತಿಯ ಸುತ್ತಲಿನ ವಿದ್ಯುತ್ ಕ್ಷೇತ್ರವೂ ಅಲುಗುತ್ತಿರುತ್ತದೆ. ಪೆನ್ನಿನ ಪ್ಲಾಸ್ಟಿಕ್ ಮೂತಿಯೊಳಗೆ ಒಂದು ಚಿಕ್ಕ ಲೋಹದ ತುಂಡಿದೆ. ತಂತಿಯೂ ಆ ತುಂಡೂ ಸೇರಿ ಒಂದು ಪುಟಾಣಿ ಕೆಪಾಸಿಟರ್ ಆಗುತ್ತದೆ. ಟೆಸ್ಟರ್ ಹಿಡಿದ ನಮ್ಮ ಮೈಯೂ ನಾವು ನಿಂತ ನೆಲವೂ ಸೇರಿ ಇನ್ನೊಂದು, ಅದಕ್ಕಿಂತ ಬಹಳ ದೊಡ್ಡ ಕೆಪಾಸಿಟರ್ ಆಗುತ್ತದೆ. ತಂತಿಯಿಂದ ಮೂತಿಗೆ, ಮೂತಿಯಿಂದ ಕೈಗೆ, ಕೈಯಿಂದ ನೆಲಕ್ಕೆ ಹೀಗೆ ಒಂದು ದಾರಿ ಕೂಡಿಕೊಂಡು ಅತ್ಯಲ್ಪ ಕರೆಂಟು ಹರಿಯುತ್ತದೆ. ಒಂದು ಆಂಪಿಯರನ್ನು ಒಂದು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೂ ಕಡಿಮೆ. ಒಳಗಿನ ಟ್ರಾನ್ಸಿಸ್ಟರುಗಳು ಬ್ಯಾಟರಿಯ ಬಲದಿಂದ ಅದನ್ನು ಹಿಗ್ಗಿಸಿ ದೀಪ ಹೊತ್ತಿಸುತ್ತವೆ, ಬಜರ್ ಕೂಗಿಸುತ್ತವೆ. ಇಷ್ಟೇ ಅದರ ವಿದ್ಯೆ. ಎಷ್ಟು ವೋಲ್ಟ್ ಇದೆ ಎಂದು ಅದು ಅಳೆಯುವುದಿಲ್ಲ. 230 ಇದ್ದರೂ 100 ಇದ್ದರೂ ಅದೇ ಕೂಗು.

ಇಷ್ಟು ತಿಳಿದರೆ ಅದು ಯಾವಾಗ ಸುಮ್ಮನಿರುತ್ತದೆ ಎನ್ನುವುದನ್ನು ನೀವೇ ಊಹಿಸಬಹುದು. ನೆಲದ ಕಡೆಯ ದಾರಿ ಸಣ್ಣದಾದರೆ ಕೂಗು ಕುಗ್ಗುತ್ತದೆ. ಒಣ ಮರದ ಏಣಿಯ ತುದಿಯಲ್ಲಿ ದಪ್ಪ ಗ್ಲೌಸ್ ಹಾಕಿಕೊಂಡು ಹಿಡಿದರೆ, ನೆಲದ ಮೇಲೆ ಬರಿಗಾಲಲ್ಲಿ ನಿಂತಾಗ ಇದ್ದ ಚುರುಕು ಅದಕ್ಕೆ ಇರುವುದಿಲ್ಲ. ಜೋತುಬಿದ್ದ ಸರ್ವಿಸ್ ವೈರ್ ಎತ್ತರದಲ್ಲಿದೆಯೆಂದು ಪೆನ್ನನ್ನು ಒಣ ಕೋಲಿನ ತುದಿಗೆ ಕಟ್ಟಿ ಎತ್ತಿ ಹಿಡಿಯುವುದನ್ನು ಕಂಡಿದ್ದೇನೆ. ಕೈಯ ಸಂಪರ್ಕವೇ ತಪ್ಪಿದ ಆ ಟೆಸ್ಟರ್ ತಂತಿಯ ಪಕ್ಕದಲ್ಲೇ ಇದ್ದೂ ಮೂಕವಾಗಿರಬಹುದು. ಕಬ್ಬಿಣದ ಪೈಪಿನೊಳಗೆ ಹೋದ ತಂತಿ, ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್, ಲೋಹದ ಡಬ್ಬಿಯೊಳಗಿನ ಜೋಡಣೆ, ಇವುಗಳ ಕ್ಷೇತ್ರ ಹೊರಗೆ ಬರುವುದೇ ಇಲ್ಲ. ಎಣ್ಣೆ ಮಿಲ್ಲುಗಳಲ್ಲಿ ಹೆಚ್ಚಿನ ತಂತಿಗಳು ಇಂಥ ಕೊಳವೆ, ಕವಚಗಳೊಳಗೇ ಓಡುತ್ತವೆ. ಹೊರಗಿನಿಂದ ಪೆನ್ನು ಆಡಿಸಿ ಒಳಗೆ ಕರೆಂಟಿಲ್ಲ ಎಂದು ಅಲ್ಲಿ ಯಾರೂ ಹೇಳಲಾಗದು. ಇನ್ನು ನಮ್ಮ ಸಬ್‌ಮರ್ಸಿಬಲ್ ಮೋಟರಿನ ಫ್ಲಾಟ್ ಕೇಬಲ್. ಮೂರು ಫೇಸೂ ಅಕ್ಕಪಕ್ಕ ಮಲಗಿರುತ್ತವೆ. ಒಂದರ ವೋಲ್ಟೇಜು ಏರುವಾಗ ಉಳಿದೆರಡು ಸೇರಿ ಇಳಿದಿರುತ್ತವೆ. ಸ್ವಲ್ಪ ದೂರದಿಂದ ಹಿಡಿದರೆ ಮೂರರ ಕ್ಷೇತ್ರಗಳೂ ಒಂದನ್ನೊಂದು ಅಳಿಸಿಹಾಕಿ ಟೆಸ್ಟರಿಗೆ ಏನೂ ಸಿಗದೆ ಹೋಗಬಹುದು, 400 ವೋಲ್ಟ್ ಹೊತ್ತ ಕೇಬಲ್ಲಿನ ಪಕ್ಕದಲ್ಲೇ. ಬ್ಯಾಟರಿ ಇಳಿದಿದ್ದರಂತೂ ಹೇಳುವುದೇ ಬೇಡ. ಟೆಸ್ಟರ್ ಸತ್ತಿದೆಯೋ ತಂತಿ ಸತ್ತಿದೆಯೋ, ಎರಡೂ ಒಂದೇ ಥರ ಕಾಣುತ್ತವೆ.

ಎಲ್ಲಕ್ಕಿಂತ ನನಗೆ ಭಯವಿರುವುದು ಡಿಸಿ ಕರೆಂಟಿನ ಬಗ್ಗೆ. ಏರಿಳಿತವಿಲ್ಲದ ಕಡೆ ಈ ಪೆನ್ನಿಗೆ ಏನೂ ಕೇಳಿಸುವುದಿಲ್ಲ. ಪರಶುರಾಂಪುರದ ಹಾದಿಯ ಒಂದು ಹೊಲದಲ್ಲಿ ಇದನ್ನು ಒಬ್ಬ ಯುವ ರೈತನಿಗೆ ತೋರಿಸಿದ್ದು ನೆನಪಿದೆ. ಸಿಂಗಲ್ ಫೇಸ್ ಮೋಟರು, ಕಲ್ಲುಕಂಬಕ್ಕೆ ಬಿಗಿದ ಪ್ಯಾನಲ್ ಬೋರ್ಡು, ಒಳಗೆ ಮೂಲೆಯಲ್ಲಿ ಕಣಜದ ಗೂಡು, ಅದರ ಕೆಳಗೆ ಲೋಟದಷ್ಟು ದಪ್ಪದ ಎರಡು ಕೆಪಾಸಿಟರುಗಳು. ಮೋಟರು ಆಗಷ್ಟೇ ನಿಂತಿತ್ತು. "ಮೇನ್ ಕೆಡವಿದೀನಿ ಸಾರ್, ಟೆಸ್ಟರ್ ಎಲ್ಲಾ ಕಡೆ ಇಟ್ಟು ನೋಡಿದೆ, ಉಸಿರೇ ಇಲ್ಲ. ಕೈ ಹಾಕಿ ಬಿಚ್ಚಲಾ?" ಎಂದ. "ತಡಿಯಪ್ಪ" ಎಂದು ಹೋಲ್ಡರಿಗೆ ಸಿಕ್ಕಿಸಿದ ಅರವತ್ತು ವ್ಯಾಟಿನ ಹಳೇ ಹಳದಿ ಬಲ್ಬಿನ ಎರಡು ತಂತಿಗಳನ್ನು ಸ್ಟಾರ್ಟ್ ಕೆಪಾಸಿಟರಿನ ಎರಡು ಪಿನ್ನುಗಳಿಗೆ ತಾಗಿಸಿದೆ. ಬಲ್ಬು ಪಳಕ್ಕೆಂದು ಹೊತ್ತಿ ಆರಿತು. ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಮೋಟರು ಎದ್ದ ಮೇಲೆ ಸರ್ಕ್ಯೂಟಿನಿಂದ ಬೇರ್ಪಡುವ ಕೆಪಾಸಿಟರ್ ತನ್ನೊಳಗೆ ಉಳಿದ ಚಾರ್ಜನ್ನು ಹಾಗೇ ಇಟ್ಟುಕೊಂಡಿರುತ್ತದೆ. ಮೋಟರಿನ ಸುರುಳಿಯ ಜೊತೆ ಸೇರಿಕೊಂಡೇ ಇರುವುದು ಬೇಗ ಖಾಲಿಯಾಗುತ್ತದೆ, ಬೇರ್ಪಟ್ಟದ್ದು ಖಾಲಿಯಾಗುವುದಿಲ್ಲ. ಒಳ್ಳೆಯ ಕೆಪಾಸಿಟರುಗಳಲ್ಲಿ ಚಾರ್ಜನ್ನು ನಿಧಾನಕ್ಕೆ ಹರಿಸಿಬಿಡುವ ರೆಸಿಸ್ಟರ್ ಕೂರಿಸಿರುತ್ತಾರೆ; ಅಗ್ಗದವುಗಳಲ್ಲಿ, ಹಳೆಯವುಗಳಲ್ಲಿ ಅದು ಇರುತ್ತದೆಂದು ನಂಬುವಂತಿಲ್ಲ. ಹೀಗೆ ಉಳಿದ ಚಾರ್ಜು ಡಿಸಿ. ಪೆನ್ ಟೆಸ್ಟರ್ ಕೆಪಾಸಿಟರಿನ ಮೈಮೇಲೆ ಮಲಗಿಸಿದರೂ ಕೂಗದು. ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ಮೋಟರ್ ಓಡಿಸಲು ನಮ್ಮವರು ಹಾಕಿಸಿಕೊಳ್ಳುವ ಕನ್ವರ್ಟರ್ ಪೆಟ್ಟಿಗೆಗಳ ತುಂಬ ಇಂಥವೇ ಕೆಪಾಸಿಟರುಗಳು.

ಸೋಲಾರ್ ವಿಷಯವೂ ಹೀಗೇ. ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ನಿಂತಿದೆ, ನಮ್ಮ ಹೊಲಗಳಿಗೂ ಸೋಲಾರ್ ಪಂಪ್‌ಸೆಟ್ಟುಗಳು ಬರುತ್ತಿವೆ. ಒಂದೊಂದು ಪ್ಯಾನಲ್ಲು ಬಿಸಿಲಿಗೆ ನಲವತ್ತು ಐವತ್ತು ವೋಲ್ಟ್ ಕೊಡುತ್ತದೆ. ಸಾಲಾಗಿ ಹತ್ತಾರು ಜೋಡಿಸಿದರೆ ಕಂಟ್ರೋಲರಿಗೆ ಬರುವ ಎರಡು ತಂತಿಗಳ ನಡುವೆ ಹಲವು ನೂರು ವೋಲ್ಟ್ ಡಿಸಿ ಇರುತ್ತದೆ. ಅದಕ್ಕೆ ಲೈನ್‌ಮನ್ ಬಂದು ಕರೆಂಟ್ ತೆಗೆಯುವುದೆಂಬುದೇ ಇಲ್ಲ. ಸೂರ್ಯ ಇರುವವರೆಗೂ ಅದು ಜೀವಂತ. ಅದರ ಮುಂದೆ ಈ ಪೆನ್ನು ಹಿಡಿದು ಏನಾದರೂ ತೀರ್ಮಾನ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಗ್ಗುಲಿದೆ, ಸುಮ್ಮಸುಮ್ಮನೆ ಕೂಗುವುದು. ಚಳ್ಳಕೆರೆಯ ಕಂಬಳಿಯ ಮೇಲೆ ಈ ಪೆನ್ನಿನ ಮೂತಿಯನ್ನು ಒಣ ಹವೆಯಲ್ಲಿ ಒಮ್ಮೆ ಉಜ್ಜಿ ನೋಡಿ. ಅಲ್ಲಿ ತಂತಿಯಿಲ್ಲ, ಕರೆಂಟಿಲ್ಲ, ಆದರೂ ಬೀಪ್ ಅನ್ನುತ್ತದೆ. ಉಣ್ಣೆ ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಆಟ ಅದು. ತಲೆಗೂದಲಿಗೆ ಉಜ್ಜಿ ಕೂಗಿಸಿ "ಟೆಸ್ಟರ್ ಸರಿಯಾಗಿದೆ" ಎಂದು ಖಾತ್ರಿ ಮಾಡಿಕೊಳ್ಳುವ ಹುಡುಗರಿದ್ದಾರೆ. ಅದರಿಂದ ಬ್ಯಾಟರಿ ಇದೆ, ಬಜರ್ ಇದೆ ಎಂದಷ್ಟೇ ಗೊತ್ತಾಗುತ್ತದೆ. ತಂತಿಯ ಕ್ಷೇತ್ರವನ್ನು ಹಿಡಿಯುವಷ್ಟು ಚುರುಕಾಗಿದೆಯೇ ಎನ್ನುವುದು ಗೊತ್ತಾಗುವುದಿಲ್ಲ. ಒಂದೇ ಪೈಪಿನಲ್ಲಿ ಹೋಗುವ ಹಲವು ತಂತಿಗಳಲ್ಲಿ ಒಂದು ಎಲ್ಲಿಗೂ ಸೇರದೆ ಬಿಟ್ಟಿದ್ದರೆ, ಪಕ್ಕದ ಫೇಸಿನ ಪ್ರಭಾವದಿಂದ ಅದರಲ್ಲೂ ವೋಲ್ಟೇಜ್ ಇದ್ದಂತೆ ತೋರುತ್ತದೆ. ಅಂಥ ಹುಸಿ ವೋಲ್ಟೇಜಿನಿಂದ ಕೆಲವು ಎಲ್‌ಇಡಿ ಬಲ್ಬುಗಳು ಸ್ವಿಚ್ ಆಫ್ ಮಾಡಿದ ಮೇಲೂ ಮಿಣುಕುತ್ತಿರುತ್ತವೆ. 12 ವೋಲ್ಟಿನಿಂದ ಹಿಡಿಯುತ್ತದೆ ಎಂದು ಬರೆದ ಪೆನ್ನುಗಳನ್ನು ಆ ಕೆಳಗಿನ ಮಟ್ಟಕ್ಕೆ ಇಟ್ಟುಕೊಂಡರೆ ಗೋಡೆಯ ಉದ್ದಕ್ಕೂ ಕೂಗುತ್ತಲೇ ಇರುತ್ತವೆ. ಮನೆಯ ಕೆಲಸಕ್ಕೆ 90 ವೋಲ್ಟಿನ ಮೇಲೆ ಹಿಡಿಯುವ ಮಟ್ಟ ಸಾಕು.

ಹುಸಿ ಕೂಗಿನಿಂದ ನೇರವಾಗಿ ಯಾರೂ ಸಾಯುವುದಿಲ್ಲ. ಆದರೆ ಹುಸಿ ಕೂಗು ಕೇಳಿ ಕೇಳಿ ಜನ ನಿಜದ ಕೂಗನ್ನೂ ತಳ್ಳಿಹಾಕಲು ಕಲಿಯುತ್ತಾರೆ. ಮೊಳಕಾಲ್ಮುರಿನ ಒಂದು ಮಗ್ಗದ ಮನೆಗೆ ಹೋಗಿದ್ದೆ. ರೇಷ್ಮೆ ಸೀರೆಯ ಮಗ್ಗ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತ ಕೂರುತ್ತಾರೆ. ಕುಣಿಯ ಮಣ್ಣು ತಂಪು, ಕೈಗೆ ಮುಟ್ಟಿದರೆ ಸಣ್ಣಗೆ ತೇವ. ನೂಲು ಕಾಣಲಿ ಎಂದು ತಲೆಯ ಮೇಲೆ ಒಂದು ಬಲ್ಬು ಇಳಿಬಿಟ್ಟಿದ್ದರು, ಕೈ ಎತ್ತಿದರೆ ಸಿಗುವಷ್ಟು ಹತ್ತಿರ. ಸ್ವಿಚ್ ಆಫ್ ಮಾಡಿ ಹೋಲ್ಡರಿನ ಬಳಿ ಪೆನ್ನು ಹಿಡಿದೆ, ಜೋರಾಗಿ ಕೂಗಿತು. "ಅದು ಹಂಗೇ ಅಣ್ಣ, ಯಾವಾಗ್ಲೂ ಕೂಗ್ತಿರ್ತೈತೆ" ಎಂದರು ಮನೆಯಾಕೆ. ಟೆಸ್ಟರ್ ನಿಜವನ್ನೇ ಹೇಳುತ್ತಿತ್ತು. ಸ್ವಿಚ್ಚನ್ನು ಫೇಸ್ ತಂತಿಗೆ ಹಾಕುವ ಬದಲು ನ್ಯೂಟ್ರಲ್ ತಂತಿಗೆ ಹಾಕಿದ್ದರು. ಸ್ವಿಚ್ ಕೆಡವಿದರೆ ಬಲ್ಬು ಆರುತ್ತದೆ, ಆದರೆ ಹೋಲ್ಡರಿನ ಪಿನ್ನುಗಳಲ್ಲಿ ಫೇಸ್ ಹಾಗೇ ಇರುತ್ತದೆ. ಕುಣಿಯಲ್ಲಿ ಬರಿಗಾಲು ಊರಿದವರು ಬಲ್ಬು ಬದಲಿಸಲು ಹೋಗಿ ಪಿನ್ನಿಗೆ ಬೆರಳು ತಾಗಿಸಿದರೆ ದಾರಿ ಪೂರ್ತಿಯಾಯಿತು. ಒದ್ದೆ ಮೈಯ ತಡೆ ಸಾವಿರ ಓಮ್ ಎಂದು ಲೆಕ್ಕ ಹಾಕಿದರೆ 230 ವೋಲ್ಟಿಗೆ 230 ಮಿಲಿ ಆಂಪಿಯರ್. ಎದೆಯ ಬಡಿತ ತಾಳ ತಪ್ಪುವುದಕ್ಕೆ ಅಷ್ಟೆಲ್ಲ ಬೇಕಾಗಿಲ್ಲ. ಕರೆಂಟು ಸೋರಿದರೆ ತಾನಾಗಿ ಕಡಿಯುವ ಮನೆಯ ಆರ್‌ಸಿಸಿಬಿಗಳನ್ನು 30 ಮಿಲಿ ಆಂಪಿಯರಿಗೇ ಬೀಳುವಂತೆ ಮಾಡಿರುವುದು ಅದಕ್ಕಾಗಿಯೇ. ಆ ಮನೆಯಲ್ಲಿ ಎರಡು ತಂತಿ ಅದಲು ಬದಲು ಮಾಡಿಸಿದ ಮೇಲೆ ಕೂಗು ನಿಂತಿತು. ನಿಮ್ಮ ಮನೆಯಲ್ಲೂ ಸ್ವಿಚ್ ಆಫ್ ಆದ ಮೇಲೆ ಹೋಲ್ಡರ್ ಬಳಿ ಕೂಗಿದರೆ ಅದನ್ನು ಟೆಸ್ಟರಿನ ಚಾಳಿ ಎಂದುಕೊಳ್ಳದೆ ಒಬ್ಬ ವೈರ್‌ಮ್ಯಾನನ್ನು ಕರೆಸಿ.

ಹಾಗಾದರೆ ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಎರಡು ಮೊನೆಯ ಉಪಕರಣ ಬೇಕು. ಬಾವಿಗೆ ಕಲ್ಲು ಹಾಕಿ ಸದ್ದು ಕೇಳುವುದು ಬೇರೆ, ಕೊಡ ಇಳಿಸಿ ನೀರು ಸೇದಿ ನೋಡುವುದು ಬೇರೆ. ಪೆನ್ ಟೆಸ್ಟರ್ ಮಾಡುವುದು ಮೊದಲಿನದನ್ನು. ಎರಡು ಮೊನೆಯ ವೋಲ್ಟೇಜ್ ಟೆಸ್ಟರ್, ಅದು ಸಿಗದಿದ್ದರೆ ನಮ್ಮ ಹಳೆಯ ಟೆಸ್ಟ್ ಲ್ಯಾಂಪ್, ತಂತಿಯಿಂದ ನಿಜವಾಗಿ ಕರೆಂಟು ಎಳೆದು ನೋಡುತ್ತವೆ. ಹುಸಿ ವೋಲ್ಟೇಜು ಇದ್ದರೆ ಎಳೆದ ಕೂಡಲೇ ಬಿದ್ದುಹೋಗುತ್ತದೆ, ನಿಜವಾದ ಫೇಸ್ ಇದ್ದರೆ ಬಲ್ಬು ಉರಿಯುತ್ತದೆ. ಡಿಜಿಟಲ್ ಮಲ್ಟಿಮೀಟರ್ ಇದ್ದವರೂ ಒಂದು ಮಾತು ನೆನಪಿಡಬೇಕು. ಅದು ತೀರ ಕಡಿಮೆ ಕರೆಂಟು ಎಳೆಯುವುದರಿಂದ ಎಲ್ಲಿಗೂ ಸೇರದ ತಂತಿಯಲ್ಲೂ ನೂರರ ಸುತ್ತಮುತ್ತ ಅಂಕಿ ತೋರಿಸಿ ತಲೆ ಕೆಡಿಸಬಲ್ಲದು. ಟೆಸ್ಟ್ ಲ್ಯಾಂಪಿಗೆ ಎಲ್‌ಇಡಿ ಬಲ್ಬು ಸಲ್ಲದು, ತಂತಿ ಉರಿಯುವ ಹಳೇ ಬಲ್ಬೇ ಬೇಕು. ಮೂರು ಫೇಸಿನ ಕಡೆ ಒಂದೇ ಬಲ್ಬು ಹಾಕಿದರೆ 400 ವೋಲ್ಟಿಗೆ ಸಿಡಿಯುತ್ತದೆ. ಒಂದೇ ವ್ಯಾಟಿನ ಎರಡನ್ನು ಸೀರೀಸ್‌ನಲ್ಲಿ ಜೋಡಿಸಬೇಕು. ನಿಜ ಹೇಳಬೇಕೆಂದರೆ ಟೆಸ್ಟ್ ಲ್ಯಾಂಪೂ ಪೂರ್ತಿ ಸುರಕ್ಷಿತವಲ್ಲ, ಗಾಜು ಒಡೆಯುತ್ತದೆ, ತುದಿಯಲ್ಲಿ ಬರಿಯ ತಂತಿ ಉದ್ದಕ್ಕೆ ಚಾಚಿರುತ್ತದೆ. ಮೊನೆಯಲ್ಲಿ 4 ಮಿಲಿಮೀಟರಿಗಿಂತ ಹೆಚ್ಚು ಲೋಹ ಕಾಣಬಾರದು ಎನ್ನುತ್ತದೆ ಬ್ರಿಟನ್ನಿನ ಮಾರ್ಗಸೂಚಿ. ಆ ದೃಷ್ಟಿಯಿಂದ ಐಇಸಿ 61243-3 ಎಂದು ಬರೆದಿರುವ ಎರಡು ಮೊನೆಯ ಟೆಸ್ಟರ್ ಕೊಳ್ಳುವುದು ಮೇಲು. ಎಸಿ, ಡಿಸಿ ಎರಡನ್ನೂ ಅದು ತೋರಿಸುತ್ತದೆ. ಅದರ ಮೇಲೆ ಬರೆದ ವೋಲ್ಟಿನ ಮಿತಿಯನ್ನು ಮಾತ್ರ ಓದಿಕೊಂಡೇ ಸೋಲಾರ್ ತಂತಿಯ ಹತ್ತಿರ ಹೋಗಿ.

ಉಪಕರಣ ಎಷ್ಟೇ ಒಳ್ಳೆಯದಾದರೂ ನೋಡುವ ಕ್ರಮವೊಂದಿದೆ. ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಒಂದು ಸಾಕೆಟ್ಟಿಗೆ ಹಿಡಿದು ಟೆಸ್ಟರ್ ಕೆಲಸ ಮಾಡುತ್ತಿದೆಯೇ ನೋಡಿ. ಆಮೇಲೆ ಕೆಲಸ ಮಾಡಬೇಕಾದ ತಂತಿಯನ್ನು ನೋಡಿ. ಮತ್ತೆ ಅದೇ ಸಾಕೆಟ್ಟಿಗೆ ಬಂದು ಟೆಸ್ಟರ್ ಇನ್ನೂ ಬದುಕಿದೆಯೇ ನೋಡಿ. ನಡುವೆ ಬ್ಯಾಟರಿ ಹೋಗಿರಬಹುದು, ಒಳಗಿನ ತಂತಿ ಬಿಟ್ಟಿರಬಹುದು. ಮೂರನೆಯ ಹೆಜ್ಜೆ ಇಲ್ಲದಿದ್ದರೆ ಎರಡನೆಯದಕ್ಕೆ ಬೆಲೆಯಿಲ್ಲ. ಅಮೆರಿಕದ ಎನ್‌ಎಫ್‌ಪಿಎ 70ಇ ನಿಯಮವೂ ತಂತಿಯನ್ನು ಮುಟ್ಟಿಸಿ ನೋಡುವುದನ್ನು, ನೋಡುವ ಮೊದಲೂ ಆಮೇಲೂ ಉಪಕರಣವನ್ನು ಪರೀಕ್ಷಿಸುವುದನ್ನು ಕೇಳುತ್ತದೆ. ಫೇಸ್‌ನಿಂದ ನ್ಯೂಟ್ರಲಿಗೆ, ಫೇಸ್‌ನಿಂದ ಅರ್ಥಿಗೆ, ನ್ಯೂಟ್ರಲಿನಿಂದ ಅರ್ಥಿಗೆ, ಮೂರೂ ನೋಡಬೇಕು. ನ್ಯೂಟ್ರಲ್ ಎಲ್ಲೋ ಕಡಿದುಹೋಗಿದ್ದರೆ, ಉರಿಯದೆ ಸುಮ್ಮನಿರುವ ಬಲ್ಬಿನ ಮೂಲಕವೇ ಫೇಸ್ ಹಾದು ಬಂದು ನ್ಯೂಟ್ರಲ್ ತಂತಿಯಲ್ಲಿ ಕೂತಿರುತ್ತದೆ. ಆಗ ಸಾಕೆಟ್ಟಿನ ಎರಡೂ ತೂತಿನಲ್ಲಿ ಪೆನ್ನು ಕೂಗುತ್ತದೆ. ಇದನ್ನು ಕಂಡು "ಡಬಲ್ ಫೇಸ್ ಬಂದೈತೆ" ಎನ್ನುವವರಿದ್ದಾರೆ. ಕಡಿದ ನ್ಯೂಟ್ರಲಿಗೆ ಬದಲು ಅರ್ಥ್ ರಾಡಿನಿಂದ ತಂತಿ ಎಳೆದು ದೀಪ ಉರಿಸಿಕೊಳ್ಳುವ ಕೆಟ್ಟ ಅಭ್ಯಾಸವೂ ಇದೆ. ಅದನ್ನು ಮಾತ್ರ ಮಾಡಲೇಬೇಡಿ.

ಮೂರು ಫೇಸಿನ ಮೋಟರಿನವರಿಗೆ ಪೆನ್ನು ಇನ್ನೊಂದು ಬಗೆಯಲ್ಲೂ ಕೈಕೊಡುತ್ತದೆ. ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ಒಂದು ಫೇಸಿನ ಫ್ಯೂಸ್ ಹೋಗಿದೆ ಎನ್ನಿ. ಅದೇ ಟಿಸಿಯ ಕೆಳಗೆ ಬೇರೆ ಯಾರದೋ ಮೋಟರು ಓಡುತ್ತಿದ್ದರೆ, ಯಾರದೋ ಕನ್ವರ್ಟರ್ ಆನ್ ಇದ್ದರೆ, ಅದರ ಸುರುಳಿಯ ಮೂಲಕ ಸತ್ತ ತಂತಿಗೂ ವೋಲ್ಟೇಜ್ ಹಿಂದಿರುಗಿ ಬರುತ್ತದೆ. ಪೆನ್ನು ಮೂರೂ ತಂತಿಯ ಮೇಲೆ ಕೂಗುತ್ತದೆ. ಮೂರು ಫೇಸ್ ಬಂತೆಂದು ಸ್ಟಾರ್ಟರ್ ಒತ್ತಿದರೆ ಮೋಟರು ಗುಂಯ್ ಎಂದು ನಿಂತಲ್ಲೇ ಕಾಯ್ದು ಸುಡುತ್ತದೆ. ಆಳದ ಬೋರಿನಿಂದ ಮೋಟರ್ ಎತ್ತಿಸಿ ಸುತ್ತಿಸಿ ಮತ್ತೆ ಇಳಿಸುವ ಖರ್ಚು ಎಷ್ಟೆಂದು ನಮ್ಮ ಶೇಂಗಾ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ. ಫೇಸ್ ಫೇಸ್ ನಡುವೆ ಮೂರೂ ಜೋಡಿಯನ್ನು ಅಳೆದು, ಮೂರರಲ್ಲೂ 400ರ ಆಸುಪಾಸು ಇದ್ದರೆ ಮಾತ್ರ ಸರಿ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಪೆನ್ ಟೆಸ್ಟರ್ ಬಿಸಾಡಿ ಎನ್ನುವುದಿಲ್ಲ. ಅದು ತುಂಬ ಚೆನ್ನಾಗಿ ಮಾಡುವ ಕೆಲಸವೊಂದಿದೆ, ಮತ್ತು ಆ ಕೆಲಸ ಈ ಎರಡು ತಾಲ್ಲೂಕುಗಳಿಗೆ ಬೇರೆಲ್ಲ ಕಡೆಗಿಂತ ಹೆಚ್ಚು ಬೇಕು. ರಾಜ್ಯದಲ್ಲೇ ತೀರ ಕಡಿಮೆ ಮಳೆ ಕಾಣುವ ಸೀಮೆ ಇದು. ಒಣಗಿದ ನೆಲ ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೋಟರಿನ ಪಕ್ಕ ಒಂದು ರಾಡು ಹೊಡೆದು ಅರ್ಥಿಂಗ್ ಆಯಿತು ಎಂದುಕೊಂಡಿರುತ್ತೇವೆ, ಬೇಸಿಗೆಯಲ್ಲಿ ಆ ರಾಡಿಗೂ ನೆಲಕ್ಕೂ ನಡುವಿನ ತಡೆ 50 ಓಮ್ ಇದ್ದರೆ ಏನಾಗುತ್ತದೆ ನೋಡಿ. ಸ್ಟಾರ್ಟರ್ ಪೆಟ್ಟಿಗೆಯ ತಗಡಿಗೆ ಒಳಗಿನ ಫೇಸ್ ತಾಗಿತು. 230ನ್ನು 50ರಿಂದ ಭಾಗಿಸಿದರೆ ನೆಲಕ್ಕೆ ಹರಿಯುವುದು ಐದು ಆಂಪಿಯರಿಗೂ ಕಡಿಮೆ. 16 ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ, ಹೋಗುವುದಿಲ್ಲ. ಪೆಟ್ಟಿಗೆ ಹೆಚ್ಚುಕಡಿಮೆ ಪೂರ್ತಿ 230 ವೋಲ್ಟಿನಲ್ಲಿ ಹಾಗೇ ನಿಂತಿರುತ್ತದೆ, ರಾತ್ರಿ ನೀರು ಬಿಡಲು ಒದ್ದೆ ಕಾಲಲ್ಲಿ ಬಂದವನ ಕೈಗೆ ಕಾದುಕೊಂಡು. ಇಂಥ ಕಡೆ ಪೆಟ್ಟಿಗೆಗೆ ಕೈ ಇಡುವ ಮೊದಲು ಪೆನ್ನನ್ನು ಅದರ ತಗಡಿಗೆ ಹಿಡಿಯಿರಿ. ಮೋಟರಿನ ಪೈಪು, ಫ್ರಿಜ್ಜಿನ ಬಾಗಿಲು, ಗ್ರೈಂಡರಿನ ಮೈ, ಲೈಟು ಕಂಬದ ಸ್ಟೇ ತಂತಿ, ಕಬ್ಬಿಣದ ಬೇಲಿ, ಎಲ್ಲವನ್ನೂ ಹೀಗೆ ನೋಡಬಹುದು. ಕೂಗಿದರೆ ದೂರ ಸರಿಯಿರಿ, ದನ ಕರು ಮಕ್ಕಳನ್ನು ಆ ಕಡೆ ಬಿಡಬೇಡಿ. ಕೂಗದಿದ್ದರೂ ಒದ್ದೆ ಕೈಯಲ್ಲಿ ಮುಟ್ಟಬೇಡಿ. ಹಂದಿ ಕಾಟಕ್ಕೆ ಹಾಕಿದ ಝಟಕಾ ಬೇಲಿಯಲ್ಲಿ ಕರೆಂಟು ಕ್ಷಣಕ್ಕೊಮ್ಮೆ ಬಂದು ಹೋಗುವುದರಿಂದ ಪೆನ್ನು ಅದನ್ನು ಹಿಡಿಯದೆಯೂ ಇರಬಹುದು.

ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಹಿರಿಯರು ರೂಢಿ ಮಾಡಿಕೊಂಡಿದ್ದರು. ಉಪ್ಪು, ಇದ್ದಿಲು ತುಂಬಿದ ಆ ಗುಂಡಿಗಳು ಈಗ ಎಷ್ಟೋ ಕಡೆ ಕಸದ ಅಡಿ ಮುಚ್ಚಿಹೋಗಿವೆ. ಆ ಅರ್ಥಿಂಗನ್ನು ಸರಿಮಾಡಿಸಿ, ಅದರ ಜೊತೆಗೆ ಒಂದು ಆರ್‌ಸಿಸಿಬಿ ಹಾಕಿಸಿದರೆ, ಫ್ಯೂಸಿಗೆ ಕಾಣದ ಆ ಐದು ಆಂಪಿಯರಿನ ಸೋರಿಕೆಯನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದು ಕಡಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಪೆನ್ ಟೆಸ್ಟರಿಗೆ ಖರ್ಚು ಮಾಡುವ ಮೊದಲು ಪ್ರತಿಯೊಂದು ಮನೆಯವರೂ ಈ ಎರಡಕ್ಕೆ ಖರ್ಚು ಮಾಡಬೇಕು.

ಟಿಸಿ ಕಂಬದ ವಿಚಾರ ಹೇಳದೆ ಮುಗಿಸಲಾರೆ. ಜೇಬಿನಲ್ಲಿ ಪೆನ್ ಟೆಸ್ಟರ್ ಇದೆ ಎಂಬ ಧೈರ್ಯದಲ್ಲಿ ಫ್ಯೂಸ್ ಹಾಕಲು ಟಿಸಿ ಹತ್ತುವ ರೈತರಿದ್ದಾರೆ. ನೀರಿಲ್ಲದೆ ಬೆಳೆ ಬಾಡುವಾಗ ಲೈನ್‌ಮನ್ ಬರುವವರೆಗೆ ಕಾಯುವುದು ಎಷ್ಟು ಕಷ್ಟ ಎನ್ನುವುದು ನನಗೆ ಗೊತ್ತು. ಆದರೂ ಹತ್ತಬೇಡಿ. ಮೇಲಿರುವುದು 11,000 ವೋಲ್ಟು. ಈ ಪೆನ್ನಿಗೆ ಬರೆದಿರುವ ಮಿತಿ 1,000. ಆ ಕಂಬದ ಹತ್ತಿರ ಅದು ದೂರದಿಂದಲೇ ಕೂಗೀತು, ಮೂರೂ ಫೇಸನ್ನು ಒಟ್ಟಿಗೆ ಕಡಿಯುವ ಜಿಒಎಸ್ ಸ್ವಿಚ್ಚನ್ನು ಕೆಡವಿದ ಮೇಲೆ ಸುಮ್ಮನಾದೀತು, ಎರಡರಿಂದಲೂ ಏನೂ ತೀರ್ಮಾನಿಸಲಾಗದು. ಜಿಒಎಸ್‌ನ ಮೂರರಲ್ಲಿ ಒಂದು ಬ್ಲೇಡು ಬಿಡದೆ ಅಂಟಿಕೊಂಡಿರಬಹುದು. ಯಾರದೋ ಮನೆಯ ಜನರೇಟರಿನಿಂದ ಕೆಳಗಿನ ಲೈನಿಗೆ ಕರೆಂಟು ಹಿಮ್ಮುಖ ಹರಿದರೆ ಅದೇ ಟಿಸಿ ಅದನ್ನು ಮತ್ತೆ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನ್‌ಮನ್ನರು ಮೊದಲು ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡು, ಆಮೇಲೆ ಡಿಸ್ಚಾರ್ಜ್ ರಾಡಿನಿಂದ ಮೂರೂ ತಂತಿಯನ್ನು ಅರ್ಥಿಗೆ ಕಟ್ಟಿ ಕೆಲಸಕ್ಕೆ ಇಳಿಯುವುದು ಇದೇ ಕಾರಣಕ್ಕೆ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಮತ್ತೆ ಮತ್ತೆ ಮಾಡಿ. ಕಾಯಿಸಿದರೆ ಜಗಳ ಆಡಿ. ಕಾಯಿಸುವುದು ತಪ್ಪೇ, ಅದನ್ನು ಕೇಳುವ ಹಕ್ಕು ನಿಮಗಿದೆ.

ಐಟಿಐಗೆ ಸೇರಿದ ಮಗನಿಗೆ ಯಾವ ಟೆಸ್ಟರ್ ಕೊಡಿಸಲಿ ಎಂದು ತಾಯಿಯೊಬ್ಬರು ಕೇಳಿದ್ದಾರೆ. ತಾಯಿ, ಮೊದಲು ಎರಡು ಮೊನೆಯದನ್ನು ಕೊಡಿಸಿ, ಆಮೇಲೆ ಪೆನ್ನು. ಪೆನ್ನಿನ ಮೇಲೆ ಸುರಕ್ಷತೆಯ ದರ್ಜೆ ಕ್ಯಾಟ್ 3 ಎಂದೋ ಕ್ಯಾಟ್ 4 ಎಂದೋ ಬರೆದಿದೆಯೇ, ತಯಾರಕರ ಹೆಸರಿದೆಯೇ ನೋಡಿ. ಹೆಸರಿಲ್ಲದ್ದನ್ನು ಬೇಡ ಅನ್ನಿ. ಬ್ಯಾಟರಿಯನ್ನು ಪ್ರತಿ ಯುಗಾದಿಗೂ ದೀಪಾವಳಿಗೂ ಬದಲಿಸಲು ಹೇಳಿ, ಇಳಿದಿರಲಿ ಬಿಡಲಿ. ಮನೆಯ ಒಂದು ಸಾಕೆಟ್ಟಿಗೆ ಹಿಡಿದು ನೋಡಿ, ಸ್ವಿಚ್ ಕೆಡವಿ ನೋಡಿ, ಮತ್ತೆ ಇನ್ನೊಂದು ಜೀವಂತ ಸಾಕೆಟ್ಟಿಗೆ ಹಿಡಿದು ನೋಡುವುದನ್ನು ನಿಮ್ಮ ಎದುರಿಗೇ ಒಂದು ವಾರ ಮಾಡಿಸಿ.